ಸಭೆಯ ಸೇವೆಗೆ ಹಣ ಕೂಡಿಸಲು 21 ಕಿ.ಮೀ. ಓಟ: ಸಿಂಧನೂರಿನಲ್ಲಿ ನಾವೇ ನಡೆಸೋದು ಹೆಂಗ?

ಸಿಂಧನೂರು_ಯುವಕೂಟ:
ಎಲ್ಲರಿಗೂ ವಂದನೆ. ನಮ್ಮ ಸಭೆಯ (ಚರ್ಚಿನ) ಯುವಕರು ಜನವರಿಯಾಗ ಹಾಫ್ ಮ್ಯಾರಥಾನ್ ದೂರ ಓಡಿ ಸೇವೆಗೆ ಹಣ ಕೂಡಿಸಬೇಕಂತ ಮಾತಾಗೈತ್ರಿ. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಓಡೋದಲ್ಲ, ಇಲ್ಲೇ ತಾಲೂಕಿನಾಗ. ಓಡೋರು 12 ಮಂದಿ, ಅದರಾಗ ಮೂವರು ಹೆಣ್ಣುಮಕ್ಕಳು. ಸದ್ಯ 5 ಕಿ.ಮೀ. ನಿಲ್ಲದಂಗ ಓಡ್ತಾರ, ಅದಕ್ಕಿಂತ ದೂರ ಯಾರೂ ಹೋಗಿಲ್ಲ. ಗುರಿ 1.5 ಲಕ್ಷ ರೂಪಾಯಿ: ಬೇಸಿಗೆ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲಿ) ಖರ್ಚು, ಮತ್ತೆ ಹಳ್ಳಿ ಸಭೆಗಳಿಗೆ ಹೋಗೋ ಸೇವಕರ ಬಸ್ಸು-ಪೆಟ್ರೋಲ್ ಖರ್ಚು.

ಕೇಳೋದು ಇಷ್ಟು: ಹಣ ಯಾರ ಖಾತೆಗೆ ಹಾಕಿಸಬೇಕು? ದಾನಿಗಳಿಗೆ 80ಜಿ (ದಾನಕ್ಕ ಸಿಗೋ ಆದಾಯ ತೆರಿಗೆ ವಿನಾಯಿತಿ) ಕೊಡಾಕ ಬರ್ತೈತೇನು? ನಾಲ್ಕು ತಿಂಗಳಿನಾಗ 5ರಿಂದ 21ಕ್ಕೆ ಹೋಗಾಕ ಆಗ್ತೈತೇನು? ದಾರಿ ಎಲ್ಲಿ ಹಿಡೀಬೇಕು?

ಖಾತೆಪುಸ್ತಕ (ಬಳ್ಳಾರಿ):
ಮೊದಲು ಹಣದ ಮಾತು ಮುಗಿಸಿ, ಶೂ ಆಮೇಲೆ.

ಯುವಕೂಟದ ಕಾರ್ಯದರ್ಶಿಯ ಸ್ವಂತ ಖಾತೆಗೆ ಅಥವಾ ಫೋನ್‌ಪೇ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಿಸಬೇಡಿ. ನಂಬಿಕೆಯ ಪ್ರಶ್ನೆ ಒಂದು ಕಡೆ ಇರಲಿ. ಸಂಬಂಧಿಕರಲ್ಲದವರಿಂದ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ 50,000 ರೂ. ಮೀರಿ ಬಂದರೆ ಆ ಇಡೀ ಮೊತ್ತ ಅವರ ಆದಾಯಕ್ಕೆ ಸೇರುತ್ತದೆ. 1.5 ಲಕ್ಷ ಬಂದರೆ ತೆರಿಗೆ ನೋಟಿಸು ಆ ಹುಡುಗನ ಹೆಸರಿಗೆ ಬರುತ್ತದೆ, ಸಭೆಯ ಹೆಸರಿಗಲ್ಲ. ಸಭೆಯ ಅಥವಾ ಅದು ಸೇರಿರುವ ಸೊಸೈಟಿ/ಟ್ರಸ್ಟಿನ ಖಾತೆಯ ಕ್ಯೂಆರ್ ಕೋಡನ್ನೇ ಬಳಸಿ. ಇಬ್ಬರು ಸಹಿ ಹಾಕುವ ಖಾತೆ ಆಗಿರಬೇಕು. ಕಮಿಟಿ ಸಭೆಯಲ್ಲಿ ಠರಾವು ಮಾಡಿಸಿ: ಓಟದಿಂದ ಬರುವ ಹಣ ಈ ಎರಡು ಕೆಲಸಕ್ಕೆ ಮಾತ್ರ, ಯಾವುದಕ್ಕೆ ಎಷ್ಟು ಪಾಲು, ಮಿಕ್ಕರೆ ಎಲ್ಲಿಗೆ. 'ಸಭೆಯ ಸೇವೆಗೆ' ಅಂತ ಮೋಘಮ್ಮಾಗಿ ಬರೆದರೆ ಮಾರ್ಚಿನಲ್ಲಿ ಯಾರಾದರೂ ಮೈಕ್‌ಸೆಟ್ ತರೋಣ ಅನ್ನುತ್ತಾರೆ. ಅದು ತಪ್ಪಲ್ಲ, ಆದರೆ ಕೊಟ್ಟವರು ಅದಕ್ಕೆ ಕೊಟ್ಟಿರುವುದಿಲ್ಲ.

80ಜಿ ವಿಷಯ. ಪೂರ್ತಿ ಧಾರ್ಮಿಕ ಉದ್ದೇಶದ ಸಂಸ್ಥೆಗೆ 80ಜಿ ಸಿಗುವುದಿಲ್ಲ. 80ಜಿ ಇರುವ ಸಂಸ್ಥೆ ತನ್ನ ಆದಾಯದ ಶೇ. 5ರವರೆಗೆ ಮಾತ್ರ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡಬಹುದು. ನಿಮ್ಮ ಎರಡೂ ಕೆಲಸ ಧಾರ್ಮಿಕವೇ, ಹಾಗಾಗಿ ದಾನಿಗಳಿಗೆ ತೆರಿಗೆ ವಿನಾಯಿತಿಯ ಮಾತೇ ಎತ್ತಬೇಡಿ. ಸಾದಾ ರಸೀದಿ ಕೊಡಿ, ಸಾಕು. ಹಾಸ್ಟೆಲ್ ಮಕ್ಕಳ ಊಟ, ಪುಸ್ತಕದಂಥ ಕೆಲಸ ಬೇರೆ ಚಾರಿಟಬಲ್ ಟ್ರಸ್ಟಿನಡಿ ನಡೆಯುತ್ತಿದ್ದು ಅದಕ್ಕೆ 80ಜಿ ಇದ್ದರೆ, ಆ ಪಾಲನ್ನು ಬೇರೆಯಾಗಿಯೇ ಕೂಡಿಸಿ ನೇರ ಆ ಖಾತೆಗೇ ಹಾಕಿಸಿ. ಅಲ್ಲೂ 2,000 ರೂ. ಮೀರಿದ ನಗದಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇಲ್ಲವೇ ಇಲ್ಲ.

ಇನ್ನು ವಾಗ್ದಾನದ ಕಾರ್ಡು. ಅಂಗೈ ಅಗಲದ ಚೀಟಿ ಸಾಕು, ಆದರೆ ಈ ಸಾಲುಗಳು ಇರಲೇಬೇಕು:

"ನಾನು ______, ______ ಅವರು ಮುಗಿಸುವ ಪ್ರತಿ ಪೂರ್ಣ ಕಿಲೋಮೀಟರಿಗೆ ರೂ. ____ (ಹೆಚ್ಚೆಂದರೆ 21 ಕಿ.ಮೀ.), ಅಥವಾ ಒಟ್ಟು ರೂ. ____ ಕೊಡುತ್ತೇನೆ. ಓಟ ರದ್ದಾದರೆ: ಕೊಡುತ್ತೇನೆ / ಕೊಡುವುದಿಲ್ಲ. ಫೋನ್ ____ ಸಹಿ ____"

ರದ್ದಾದರೆ ಏನು ಅನ್ನುವ ಸಾಲು ಇಲ್ಲದಿದ್ದರೆ, ಹಿಂದಿನ ರಾತ್ರಿ ಮಳೆ ಬಂದು ಓಟ ನಿಂತಾಗ ಯಾರ ಹತ್ತಿರ ಕೇಳಬೇಕು, ಯಾರ ಹತ್ತಿರ ಕೇಳಬಾರದು ಎಂದೇ ತಿಳಿಯುವುದಿಲ್ಲ.

ಲೆಕ್ಕ: 12 ಮಂದಿ, 1.5 ಲಕ್ಷ, ತಲೆಗೆ 12,500. ಕಿ.ಮೀ.ಗೆ 50 ರೂ. ಅಂದರೆ ಒಬ್ಬ ದಾನಿಯಿಂದ 1,050, ಅಂಥವರು 12 ಜನ ಬೇಕು. ಕಿ.ಮೀ.ಗೆ 20 ರೂ. ಆದರೆ 420, ಆಗ 30 ಜನ. ಹನ್ನೆರಡೂ ಮಂದಿ ಅದೇ ಸಭೆಯ ಅದೇ ಮನೆಗಳ ಬಾಗಿಲು ತಟ್ಟಿದರೆ ಗುರಿ ಅರ್ಧಕ್ಕೇ ನಿಲ್ಲುತ್ತದೆ. ಸಭೆಯ ಮನೆಗಳ ಪಟ್ಟಿಯನ್ನು ಮೊದಲೇ ಹಂಚಿಕೊಳ್ಳಿ. ಸಭೆಯ ಹೊರಗಿನ ಗೆಳೆಯರು, ಜೊತೆಗೆ ಕೆಲಸ ಮಾಡುವವರು, ಅಂಗಡಿಯವರು ಅವರವರ ಪಾಲಿಗೆ. ಹೊರಗಿನವರ ಮುಂದೆ ಹಣ ಯಾವುದಕ್ಕೆ ಅನ್ನೋದನ್ನ ಬಿಚ್ಚಿ ಹೇಳಿ.

ಕೇಳುವ ಹೊತ್ತು ಮುಖ್ಯ. ಭತ್ತ ಮಾರಿ ಕೈಗೆ ದುಡ್ಡು ಬರೋದು ಡಿಸೆಂಬರ್ ಕೊನೆಗೆ, ಜನವರಿಗೆ. ಡಿಸೆಂಬರಿನಲ್ಲಿ ಹೇಗೂ ಕ್ರಿಸ್ಮಸ್ ಕಾಣಿಕೆ ಇರುತ್ತದೆ. ಹಾಗಾಗಿ ಕಾರ್ಡು ನವೆಂಬರಿನಲ್ಲಿ ಬರೆಸಿ, ವಸೂಲಿ ಓಟದ ಮರುದಿನದ ಆರಾಧನೆಯಿಂದ ಹತ್ತು ದಿನದೊಳಗೆ. ಫೆಬ್ರವರಿ ಮಧ್ಯಕ್ಕೆ ಹೋದರೆ ಆ ಕಾರ್ಡು ಬರೀ ಕಾಗದ. ನಗದು ಬಂದರೆ ಕ್ರಮಸಂಖ್ಯೆಯ ರಸೀದಿ ಪುಸ್ತಕ, ಇಬ್ಬರು ಕೂತು ಎಣಿಕೆ, ಬ್ಯಾಂಕ್ ತೆರೆದ ಮೊದಲ ದಿನವೇ ಜಮಾ.

ಶೂ, ಟೀ-ಶರ್ಟ್, ನೀರು, ಬ್ಯಾನರ್ ಯಾವುದನ್ನೂ ದಾನದ ಹಣದಿಂದ ಕಳೆಯಬೇಡಿ. ಓಡುವವರು ತಲೆಗೆ 500 ಹಾಕಿದರೆ 6,000, ನೀರು-ಟೆಂಪೋಗೆ ಸಾಕು.

ತುಂಗಾದಂಡೆ_ಓಟ (ಗಂಗಾವತಿ):
5ರಿಂದ 21.1ಕ್ಕೆ ಹದಿನಾರು ವಾರ ಧಾರಾಳ ಆತು. ಅಕ್ಟೋಬರ್ ಎರಡನೇ ಶನಿವಾರ ಶುರು, ಜನವರಿ ನಾಲ್ಕನೇ ಶನಿವಾರ ಓಟ. ಭಾನುವಾರ ಇಡಬ್ಯಾಡ್ರಿ, ಆರಾಧನೆ ಐತಿ. ಜನವರಿ 26ಕ್ಕಂತೂ ಬ್ಯಾಡೇ ಬ್ಯಾಡ, ಪೊಲೀಸರೆಲ್ಲಾ ಪರೇಡ್ ಡ್ಯೂಟಿಮ್ಯಾಗ ಇರ್ತಾರ. ನಾಲ್ಕನೇ ಶನಿವಾರ ಸರ್ಕಾರಿ ನೌಕರರಿಗೆ ರಜೆ, ಸಹಾಯಕ್ಕ ಜನ ಸಿಗ್ತಾರ.

ವಾರಕ್ಕ ನಾಲ್ಕು ದಿನ ಓಟ. ಮಂಗಳವಾರ, ಗುರುವಾರ 4-6 ಕಿ.ಮೀ. ಹಗುರ, ಬುಧವಾರ ಅರ್ಧ ತಾಸು, ಬೇಕಂದ್ರ ಸ್ವಲ್ಪ ಜೋರು, ಶನಿವಾರ ಉದ್ದ ಓಟ. ಉದ್ದ ಓಟದ ಕಿ.ಮೀ. ಹಿಂಗ:

1-4ನೇ ವಾರ: 6, 7, 8, 6
5-8: 9, 10, 11.5, 8
9-12: 13, 14, 15, 10
13-16: 16.5, 18, 12, ಓಟದ ದಿನ

ಪ್ರತಿ ನಾಲ್ಕನೇ ವಾರ ಇಳಿಸಿದ್ದು ಸೋಮಾರಿತನಕ್ಕಲ್ಲ. ಉಸಿರು ಆರು ವಾರದಾಗ ಪಳಗ್ತೈತಿ, ಮೊಣಕಾಲಿನ ಕೆಳಗಿನ ಎಲುಬು, ಹಿಮ್ಮಡದ ನರ ಪಳಗಾಕ ತಿಂಗಳುಗಟ್ಟಲೆ ಬೇಕು. ಉಸಿರು ಬಂತಂತ ದೂರ ಏರಿಸಿದೋರೇ ಮೊಣಕಾಲ ಕೆಳಗ ಮುಂದಿನ ಎಲುಬು ನೋವು ಅಂತ ಕೂಡ್ತಾರ. ಬೆರಳಿಟ್ಟು ಒತ್ತಿದರ ಒಂದೇ ಜಾಗದಾಗ ಚುಚ್ಚಿದಂಗ ನೋವಿದ್ದರ ಓಟ ನಿಲ್ಲಿಸಿ ಡಾಕ್ಟರಿಗೆ ತೋರಸ್ರಿ, ಎಲುಬಿನಾಗ ಬಿರುಕು ಇರಬಹುದು.

12ನೇ ವಾರ ಕ್ರಿಸ್ಮಸ್‌ಗೆ ಬರ್ತೈತಿ, ಅದಕ್ಕೇ 10. ಡಿಸೆಂಬರಿನಾಗ ರಾತ್ರಿ ಒಂದು ಗಂಟೆತನಕ ಕ್ಯಾರಲ್ಸ್ ಹಾಡಿ ಬೆಳಿಗ್ಗೆ ಐದಕ್ಕ 14 ಓಡಾಕ ಹೋಗಬ್ಯಾಡ್ರಿ. ಆ ಉದ್ದ ಓಟ ಕ್ಯಾರಲ್ಸ್ ಇಲ್ಲದ ದಿನಕ್ಕ ಸರಸ್ರಿ.

ವೇಗ: ಮಾತಾಡಕೋತ ಓಡಾಕ ಬರಬೇಕು, ಪೂರ್ತಿ ವಾಕ್ಯ. ಕಿ.ಮೀ.ಗೆ 8 ನಿಮಿಷ ಹಿಡಿದರ 21.1ಕ್ಕ 2 ತಾಸು 49 ನಿಮಿಷ. ನಿಲ್ಲದಂಗ ಅಷ್ಟು ದೂರ ಓಡಾಕ ಆಗದೋರು 4 ನಿಮಿಷ ಓಟ, 1 ನಿಮಿಷ ನಡಿಗೆ ಅಂತ ಮೊದಲ ಕಿ.ಮೀ.ಯಿಂದಲೇ ಶುರು ಮಾಡ್ಲಿ. ಓಟ 7 ನಿಮಿಷದ ವೇಗ, ನಡಿಗೆ 11ರದ್ದು ಆದರ ಒಟ್ಟು ಕಿ.ಮೀ.ಗೆ ಸುಮಾರು ಏಳೂವರೆ ನಿಮಿಷ, ಅಂದ್ರ 2 ತಾಸು 39. ದಣಿದ ಮ್ಯಾಲ ನಡಿಯೋದಲ್ಲ, ದಣಿಯೋಕಿಂತ ಮೊದಲು ನಡಿಯೋದು. ನಾಚಿಕಿ ಪಟ್ಟು 15ನೇ ಕಿ.ಮೀ.ತನಕ ನಡೀದಿದ್ದೋರು ಅಲ್ಲಿಂದ ಬರೇ ನಡೀತಾರ.

ಟೀ-ಶರ್ಟ್ ಬಗ್ಗೆ. ಹತ್ತಿ ಬಟ್ಟಿಗೆ ಎದಿಮ್ಯಾಲ ದೊಡ್ಡ ರಬ್ಬರ್ ಅಚ್ಚಿನಾಗ ಬೈಬಲ್ ವಚನ ಹಾಕಸೋದು ಬ್ಯಾಡ. ಬೆವರು ಕುಡಿದ ಹತ್ತಿ ಭಾರ ಆಗಿ ಕಂಕುಳ, ಮೊಲೆತೊಟ್ಟು ಕಿತ್ತು ರಕ್ತ ಬರ್ತೈತಿ, ಅಚ್ಚಿನ ಹಿಂದ ಗಾಳಿ ಆಡಂಗಿಲ್ಲ. ತೆಳ್ಳಗಿನ ಪಾಲಿಯೆಸ್ಟರ್, ವಚನ ಬೆನ್ನಿಗೆ ಸಣ್ಣಗ. ತೊಡಿ ಸಂದಿಗೆ ವ್ಯಾಸಲಿನ್. ಶೂ ಉದ್ದಬೆರಳಿನ ಮುಂದ ಹೆಬ್ಬೆರಳಿನ ಅಗಲ ಜಾಗ ಇರೋದು, ಸಂಜಿಮುಂದ ಕಾಲು ಊದಿದಾಗ ಕೊಳ್ಳಿರಿ, ಡಿಸೆಂಬರ್ ದಾಟೋದರೊಳಗ.

ಹಿಂದಿನ ರಾತ್ರಿ ಜೋಳದ ರೊಟ್ಟಿ, ಕಾಳುಪಲ್ಯ ಬಿಟ್ಟು ಅನ್ನ-ಸಾರು. ನಾರು ಹೆಚ್ಚಾದರ ಓಟದ ನಡುವ ಹೊಟ್ಟಿ ತೊಳಸ್ತೈತಿ. ಮಿರ್ಚಿ-ಒಗ್ಗರಣಿ ಓಟ ಮುಗಿದ ಮ್ಯಾಲ.

ಗಾಲಿಅಳತೆ (ಕೊಪ್ಪಳ):
ದಾರಿಯ ಬಗ್ಗೆ. ಊರಿಂದ ಊರಿಗೆ ಓಡೋ ಆಸೆ ಬಿಡಿ. ಸಿಂಧನೂರಿನಲ್ಲಿ ಹಾದುಹೋಗುವ 150ಎ ಹೆದ್ದಾರಿಯಲ್ಲಿ ಬೆಳಗಿನ ಲಾರಿಗಳ ನಡುವೆ 12 ಮಂದಿಯನ್ನು ಬಿಡೋದು ಬೇಡ. ಕ್ಯಾಂಪಿನ (ಕಾಲುವೆ ನೀರಾವರಿಗೆ ವಲಸೆ ಬಂದ ರೈತರ ಊರು) ಕಡೆಗಿನ ಒಂದು ಡಾಂಬರು ರಸ್ತೆ ಹಿಡಿದು ಹೋಗಿ-ಬಂದು ನಾಲ್ಕು ಸಲ. ಹೊರಟಲ್ಲಿಂದ ತಿರುವಿಗೆ 2,637 ಮೀಟರ್ ಇಟ್ಟರೆ ಎಂಟು ಸಲಕ್ಕೆ 21.096 ಕಿ.ಮೀ., ಅಳತೆ ಸರಿಹೊಂದುತ್ತದೆ. ಲಾಭ ಏನೆಂದರೆ ನೀರಿನ ಟೇಬಲ್ ಎರಡೇ ಸಾಕು, ಎಲ್ಲರೂ ಕಣ್ಣಿಗೆ ಕಾಣ್ತಾರೆ, ಬಿದ್ದವರನ್ನು ಹುಡುಕಬೇಕಿಲ್ಲ, ಸುತ್ತಿಗೊಂದು ಗೀಟು ಹಾಕಿ ಎಣಿಸಬಹುದು. ಕಿ.ಮೀ. ಲೆಕ್ಕದಲ್ಲಿ ಹಣ ಬರುವಾಗ ಈ ಗೀಟೇ ಸಾಕ್ಷಿ.

ಬೈಕಿನ ಮೀಟರ್ ನಂಬಬೇಡಿ. ಸೈಕಲ್ ತನ್ನಿ. ಗಾಳಿ ಗಟ್ಟಿಯಾಗಿ ತುಂಬಿಸಿ, ಮುಂದಿನ ಗಾಲಿಯ ವಾಲ್ವ್ ನೆಲದ ಕಡೆ ಬರುವಂತೆ ನಿಲ್ಲಿಸಿ ಚಾಕ್‌ಪೀಸ್ ಗೀಟು ಎಳೆಯಿರಿ. ಅಳೆಯುವವರೇ ಮೇಲೆ ಕೂತು ಗಾಲಿ ಸರಿಯಾಗಿ ಹತ್ತು ಸುತ್ತು ತಿರುಗುವಷ್ಟು ಮುಂದೆ ಹೋಗಿ ಮತ್ತೆ ಗೀಟು, ನಡುವಿನ ದೂರ ಟೇಪಿನಲ್ಲಿ. 20.70 ಮೀ. ಬಂದರೆ ಒಂದು ಸುತ್ತಿಗೆ 2.07 ಮೀ., ತಿರುವಿಗೆ 1,274 ಸುತ್ತು. ಕಡ್ಡಿಗೆ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ, ಅದು ಫೋರ್ಕಿಗೆ ತಾಗಿ ಟಕ್ ಅಂದಷ್ಟು ಸಲ ಎಣಿಸಿ. ಎರಡೂ ಕೆಲಸ ಒಂದೇ ಬೆಳಿಗ್ಗೆ ಮುಗಿಸಿ. ಬಿಸಿಲೇರಿದರೆ ಟೈರಿನ ಗಾಳಿ ಹಿಗ್ಗಿ ಅಳತೆ ಬದಲಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ನೋಡೋಕೆ ಚೆಂದ, ನೆರಳೂ ಉಂಟು, ಆದರೆ ಒಂದು ಕಡೆ ತಡೆಯಿಲ್ಲದ ನೀರು, ಕತ್ತಲಲ್ಲಿ ಹಾವು. ಮಳೆ ಬಿದ್ದರೆ ಎರೆಮಣ್ಣು ಶೂಗೆ ಮೆತ್ತಿ ಕಾಲೇ ಏಳುವುದಿಲ್ಲ. ನವೆಂಬರ್-ಡಿಸೆಂಬರ್ ಅಭ್ಯಾಸದಲ್ಲಿ ಇನ್ನೊಂದು ಕಾಟ: ಅರ್ಧ ರಸ್ತೆ ಭತ್ತ ಒಣಹಾಕಿರ್ತಾರೆ, ಅಂಚಿಗೆ ಕಲ್ಲು ಇಟ್ಟಿರ್ತಾರೆ. ಭತ್ತದ ಮೇಲೆ ಓಡಬೇಡಿ, ಜಾರುತ್ತದೆ, ರೈತರ ಜೊತೆ ಜಗಳವೂ ಗ್ಯಾರಂಟಿ.

ಅನುಮತಿಗೆ ಮೂರು ವಾರ ಮೊದಲೇ ಠಾಣೆಗೆ ಅರ್ಜಿ: ದಿನ, ಹೊತ್ತು, ದಾರಿಯ ನಕ್ಷೆ, ಜನರ ಸಂಖ್ಯೆ, ಇಬ್ಬರ ಫೋನ್. ಪ್ರತಿ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿ. ಉದ್ದೇಶ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮೈಕಿಗೆ ಬೇರೆ ಅನುಮತಿ ಬೇಕು. ಕರಪತ್ರ ಹಂಚೋದು ಈ ಕಾರ್ಯಕ್ರಮಕ್ಕೆ ಸೇರಿಸಬೇಡಿ. ಕೇಳಿದ್ದು ಓಟಕ್ಕೆ, ನಡೆಯೋದು ಓಟವೇ ಆಗಿರಲಿ.

ಬೆಳಿಗ್ಗೆ 6.30ಕ್ಕೆ ಶುರು, 9.30ಕ್ಕೆ ಮುಕ್ತಾಯ. ಮೂರು ತಾಸು ದಾಟಿದವರನ್ನು ಟೆಂಪೋ ಹತ್ತಿಸಿ, ಮುಗಿಸಿದ ಕಿ.ಮೀ. ಬರೆದುಕೊಳ್ಳಿ.

ಸಿಂಧನೂರು_ಯುವಕೂಟ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಇನ್ನೆರಡು ಕೇಳ್ತೀನಿ. ದುಬೈ, ಅಮೆರಿಕದಾಗ ಇರೋ ನಮ್ಮೋರು ಕೊಡ್ತೀವಿ ಅಂತಾರ, ತಗೋಬಹುದೇನು? ನೀರು ಎಷ್ಟು ಇಡಬೇಕು? ಒಬ್ಬ ಅಣ್ಣಗ ಸಕ್ಕರೆ ಕಾಯಿಲೆ ಐತಿ, ಮಾತ್ರೆ ತಗೋತಾನ.

ಖಾತೆಪುಸ್ತಕ (ಬಳ್ಳಾರಿ):
ಇರುವ ಊರಲ್ಲ, ಪಾಸ್‌ಪೋರ್ಟ್ ನೋಡಿ. ದುಬೈನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಸಿಂಧನೂರಿಗೇ ಬಂದು ರೂಪಾಯಿಯಲ್ಲಿ ಕೊಟ್ಟರೂ, ವಿದೇಶಿ ದೇಣಿಗೆಯೇ. ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು, ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇಲ್ಲದಿದ್ದರೆ ಪ್ರಾರ್ಥನೆ ಮಾಡಿ ಸಾಕು ಅಂತ ಹೇಳಿ. ತಮ್ಮನ ಖಾತೆಗೆ ಹಾಕಿಸಿ ಅಲ್ಲಿಂದ ಸಭೆಗೆ ದಾಟಿಸುವ ಉಪಾಯ ಮಾಡಬೇಡಿ.

ವಾರ್ಡ್‌ಸಿಸ್ಟರ್_ರಾಯಚೂರು:
ಸಕ್ಕರೆ ಮಾತ್ರೆ ತಗೋಳೋರು ಡಾಕ್ಟರ್ ಒಪ್ಪಿಗೆ ಇಲ್ಲದೆ 21 ಓಡಬಾರದು. ಕೆಲವು ಮಾತ್ರೆಯಲ್ಲಿ ಉದ್ದ ಓಟದ ನಡುವೆ ಸಕ್ಕರೆ ಥಟ್ಟನೆ ಇಳಿಯುತ್ತದೆ. ಆ ಅಣ್ಣ ಮೊದಲ ಒಂದು ಸುತ್ತು ಓಡಿ 5 ಕಿ.ಮೀ. ಬರೆಸಲಿ.

ನೀರು: ಪ್ರತಿಯೊಬ್ಬರೂ ಅಭ್ಯಾಸದಲ್ಲಿ ಒಂದು ತಾಸು ಓಡಿ, ಮೊದಲು ಮತ್ತು ಆಮೇಲೆ ತೂಕ ನೋಡಲಿ. 64 ಕೆ.ಜಿ. ಇದ್ದದ್ದು 63.2 ಆಗಿ, ನಡುವೆ 300 ಮಿ.ಲೀ. ಕುಡಿದಿದ್ದರೆ ಬೆವರು 1.1 ಲೀಟರ್. ಅಷ್ಟನ್ನೂ ತುಂಬಿಸಬೇಕಿಲ್ಲ, ತಾಸಿಗೆ 400-600 ಮಿ.ಲೀ. ಸಾಕು. ಓಟ ಮುಗಿದಾಗ ತೂಕ ಹೆಚ್ಚಾಗಿದ್ದರೆ ಅದು ಅಪಾಯ: ಬರೀ ನೀರು ಕುಡಿದು ರಕ್ತದ ಉಪ್ಪು ತೆಳುವಾದರೆ ತಲೆನೋವು, ವಾಂತಿ, ಫಿಟ್ಸ್ ತನಕ ಹೋಗುತ್ತದೆ. ಅದಕ್ಕೆ ಒಂದು ಕ್ಯಾನ್ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಒಂದು ಲೀಟರಿಗೆ ಒಂದು ದೊಡ್ಡ ಪುಡಿ ಪೊಟ್ಟಣ, ಅರ್ಧ ಪೊಟ್ಟಣ ಅಂದಾಜಿನಲ್ಲಿ ಸುರಿಯುವುದು ಬೇಡ. ಟೆಟ್ರಾಪ್ಯಾಕಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. 12 ಮಂದಿಗೆ 20 ಲೀಟರಿನ ಮೂರು ಕ್ಯಾನು, ತಲೆಗೆ ಸುರಿಯಲು ಬೇರೆ ಎರಡು. ಬಾಳೆಹಣ್ಣು ಎರಡು ಡಜನ್, ಬೆಲ್ಲದ ಚೂರು.

ನೋವಿನ ಮಾತ್ರೆ ನುಂಗಿ ಓಡಬೇಡಿ, ಬೆವರಿ ಒಣಗಿದ ದೇಹದಲ್ಲಿ ಕಿಡ್ನಿಗೆ ಪೆಟ್ಟು.

ಓಡುವವರು ತಡವರಿಸಿದರೆ, ಅಡ್ಡಾದಿಡ್ಡಿ ಮಾತಾಡಿದರೆ ಬಿಸಿಲಾಘಾತ ಎಂದೇ ತಿಳಿಯಿರಿ, ಬೆವರುತ್ತಿದ್ದರೂ ಸರಿ. 108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ಬರುವ ತನಕ ಕಾಯಬೇಡಿ: ನೆರಳಲ್ಲಿ ಮಲಗಿಸಿ, ಮೈ ತುಂಬ ತಣ್ಣೀರು ಸುರಿದು ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಐಸು ಬೆಳಿಗ್ಗೆ ಆರಕ್ಕೆ ಅಂಗಡಿಯಲ್ಲಿ ಸಿಗುವುದಿಲ್ಲ, ಹಿಂದಿನ ಸಂಜೆಯೇ ಹತ್ತು ಕೆ.ಜಿ. ತಂದು ಥರ್ಮಾಕೋಲ್ ಡಬ್ಬಿಯಲ್ಲಿಡಿ.