ಎಪಿ ಕ್ಯಾಲ್ಕುಲಸ್‌ಗೆ ಯಾವ ಕ್ಯಾಲ್ಕುಲೇಟರ್? ಟಿಐ-84 ಸಾಕಾ, ಎನ್‌ಸ್ಪೈರ್ ತಗೊಳ್ಳೋದಾ?

ಟೆಕ್ಸಾಸ್_ಅಪ್ಪ: ಎಲ್ರಿಗೂ ನಮಸ್ಕಾರ. ಮಗಳು ಇಲ್ಲಿ ಅಮೆರಿಕಾದ ಹೈಸ್ಕೂಲಲ್ಲಿ ಎಪಿ ಕ್ಯಾಲ್ಕುಲಸ್ ಎಬಿ (ಕಾಲೇಜ್ ಮಟ್ಟದ ಲೆಕ್ಕದ ಕೋರ್ಸು, ಕೊನೇಲಿ ಎಕ್ಸಾಮ್ ಇರುತ್ತೆ) ತಗೊಂಡಿದಾಳೆ, ಕಾಲೇಜ್ ಅಡ್ಮಿಶನ್‌ಗೆ ಎಸ್‌ಎಟಿ ಎಸಿಟಿ ಎರಡೂ ಬರೀತಾಳಂತೆ. ಸ್ಕೂಲಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-84 ಪ್ಲಸ್ ಸಿಇ ಗ್ರಾಫಿಂಗ್ ಕ್ಯಾಲ್ಕುಲೇಟರ್ ತಗೊಳ್ಳಿ ಅಂದಿದಾರೆ, ಆದ್ರೆ ಪರಿಚಯದವರೊಬ್ರು ಟಿಐ-ಎನ್‌ಸ್ಪೈರ್ ಸಿಎಕ್ಸ್ 2 ಸಿಎಎಸ್ ಅರ್ಧ ರೇಟಿಗೆ ಕೊಡ್ತೀನಿ ಅಂತಿದಾರೆ, ಅದು ಇನ್ನೂ ಪವರ್‌ಫುಲ್ ಅಲ್ವಾ? ಎಕ್ಸಾಮ್ ಹಾಲಲ್ಲಿ ಬಿಡ್ತಾರಾ?

ಲೆಕ್ಕದ_ಮೇಷ್ಟ್ರು: ಸರ್, ಆ ಕೊನೇಲಿರೋ ಸಿಎಎಸ್ (ಕಂಪ್ಯೂಟರ್ ಆಲ್ಜೀಬ್ರಾ ಸಿಸ್ಟಮ್) ಅನ್ನೋದೇ ತೊಂದ್ರೆ. ಇಕ್ವೇಶನ್ನು ಅಕ್ಷರದಲ್ಲೇ ಬಿಡಿಸಿ ಫ್ಯಾಕ್ಟರ್ ಮಾಡಿ ಕೈಗೆ ಕೊಟ್ಬಿಡುತ್ತೆ, ಅದಕ್ಕೆ ಎಸಿಟಿಲಿ ಮೊದಲಿಂದ್ಲೂ ಬಿಡಲ್ಲ, ಎಸ್‌ಎಟಿಲಿ ಮುಂಚೆ ಬಿಡ್ತಿದ್ರು, 2025ರ ಆಗಸ್ಟಿಂದ ಅಲ್ಲೂ ಬಂದ್. ಎಪಿಲಿ ಮಾತ್ರ ನಡೆಯುತ್ತೆ. ಎಪಿಗೆ ಬೇಕಾಗಿರೋದಾದ್ರೂ ಏನು, ಗ್ರಾಫ್ ಹಾಕ್ಬೇಕು, ಝೀರೋ ಹುಡುಕ್ಬೇಕು, ಡೆರಿವೇಟಿವ್ವು ಡೆಫಿನಿಟ್ ಇಂಟಿಗ್ರಲ್ಲು ನಂಬರಲ್ಲಿ ಕೊಡ್ಬೇಕು ಅಷ್ಟೇ, 84 ಇದನ್ನೆಲ್ಲ ಆರಾಮಾಗಿ ಮಾಡುತ್ತೆ. ಅದೂ ಆರು ಫ್ರೀ ರೆಸ್ಪಾನ್ಸ್ (ಬಿಡಿಸಿ ಬರೆಯೋ) ಪ್ರಶ್ನೇಲಿ ಎರಡಕ್ಕೆ ಮಾತ್ರ ಕ್ಯಾಲ್ಕುಲೇಟರ್, ಉಳಿದ ನಾಲ್ಕು ಕೈಲೇ ಮಾಡ್ಬೇಕು.

ಟೆಕ್ಸಾಸ್_ಅಪ್ಪ: ಅಯ್ಯೋ, ಹಾಗಾದ್ರೆ ಎನ್‌ಸ್ಪೈರೇ ಬೇಡ ಅಂತೀರಾ?

ಲೆಕ್ಕದ_ಮೇಷ್ಟ್ರು: ಸಿಎಎಸ್ ಇಲ್ದಿರೋ ಎನ್‌ಸ್ಪೈರ್ ಬೇರೆ ಬರುತ್ತೆ, ಅದಕ್ಕೆ ತಕರಾರಿಲ್ಲ. ನೋಡೋಕೆ ಎರಡೂ ಒಂದೇ ಥರ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮುಂದೆ ಬರೆದಿರೋ ಹೆಸ್ರು ಪೂರ್ತಿ ಓದ್ಕೊಳ್ಳಿ.

ಕ್ಯಾಸಿಯೋ_ಭಕ್ತೆ: ನಮ್ಮನೇಲಿ ಕ್ಯಾಸಿಯೋ ಎಫ್‌ಎಕ್ಸ್-ಸಿಜಿ50, ಟಿಐಗಿಂತ ಕಮ್ಮಿ ದುಡ್ಡಿಗೆ ಸಿಕ್ತು, ಮೂರೂ ಎಕ್ಸಾಮಿಗೂ ನಡೆಯುತ್ತೆ. ಒಂದೇ ಕಷ್ಟ ಅಂದ್ರೆ ಟೀಚರ್ ಬೋರ್ಡಲ್ಲಿ 84ರ ಬಟನ್ ತೋರಿಸ್ತಾ ಹೋಗ್ತಾರೆ, ನನ್ನ ಮಗ ಮನೆಗೆ ಬಂದು ಯೂಟ್ಯೂಬ್ ನೋಡ್ಕೊಂಡು ಕಲಿತ. ತಾನೇ ಕುತ್ಕೊಂಡು ಕಲಿಯೋ ಮಕ್ಕಳಿಗೆ ಓಕೆ, ಇಲ್ಲಾಂದ್ರೆ 84ನೇ ತಗೊಳ್ಳಿ. ಇನ್ನೊಂದು, ಎಸ್‌ಎಟಿ ಈಗ ಲ್ಯಾಪ್‌ಟಾಪಲ್ಲೇ ಅಲ್ವಾ, ಆ್ಯಪ್ ಒಳಗೇ ಡೆಸ್ಮೋಸ್ ಅನ್ನೋ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರುತ್ತೆ, ಮಕ್ಕಳು ಅದನ್ನೇ ಜಾಸ್ತಿ ಯೂಸ್ ಮಾಡೋದು. ಹೊಸದು ತಗೊಳ್ಳೋ ಮುಂಚೆ ಸ್ಕೂಲಲ್ಲೇ ವರ್ಷಕ್ಕೆ ಅಂತ ಕೊಡ್ತಾರಾ ಕೇಳಿ ನೋಡಿ.

ಮಂಡ್ಯ_ಹುಡ್ಗ: ಏನ್ ಗುರು ನಿಮ್ ಮಕ್ಕಳ ಅದೃಷ್ಟ 😄 ಇಲ್ಲಿ ಜೆಇಇ, ಸಿಇಟಿಗೆ ಸಾದಾ ಕ್ಯಾಲ್ಕುಲೇಟರ್‌ನೂ ಒಳಗೆ ಬಿಡಲ್ಲ. ಗೇಟ್ ಎಕ್ಸಾಮಲ್ಲಿ ಸ್ಕ್ರೀನ್ ಮೇಲೆ ಒಂದು ಕೊಡ್ತಾರೆ, ಅದನ್ನ ಮೌಸಲ್ಲಿ ಕುಟ್ಟೋಷ್ಟರಲ್ಲಿ ಅರ್ಧ ಟೈಮ್ ಹೋಗಿರುತ್ತೆ.

ಟೆಕ್ಸಾಸ್_ಅಪ್ಪ: ಹಹ್ಹಾ. ಸರಿ, ಸಿಎಎಸ್ ಬೇಡ ಅಂತ ಅವ್ರಿಗೆ ಹೇಳ್ಬಿಡ್ತೀನಿ, ನಾಳೆ ಸ್ಕೂಲಿಗೆ ಮೇಲ್ ಹಾಕಿ ಕೇಳ್ತೀನಿ. ಯಾರಾದ್ರೂ ಹಳೇ 84 ಸಿಇ ಮಾರೋರಿದ್ರೆ ಮೆಸೇಜ್ ಮಾಡಿ, ಚಾರ್ಜರ್ ಕೇಬಲ್ ಸಮೇತ ಆದ್ರೆ ಒಳ್ಳೇದು.