ಸಹಾಯ ಬೇಕು: ಬೀಜಗಣಿತದ ಆಲೋಚನೆ ಬೆಳೆಸುವ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಸವನಗುಡಿ ಸುತ್ತಲಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ 5ರಿಂದ 7ನೇ ತರಗತಿಗೆ ಗಣಿತ ಕಲಿಸುವ ಶಿಕ್ಷಕರಿಗಾಗಿ ಎರಡು ದಿನಗಳ ಕಾರ್ಯಾಗಾರವೊಂದನ್ನು ಸಿದ್ಧಪಡಿಸುತ್ತಿದ್ದೇನೆ.

8 + 4 = □ + 5 ಎಂಬ ಲೆಕ್ಕವನ್ನು ಕೊಟ್ಟಾಗ ಹಲವು ಮಕ್ಕಳು 7ರ ಬದಲು 12 ಎಂದು ಬರೆಯುತ್ತಾರೆ; ಸಮಚಿಹ್ನೆಯೆಂದರೆ ‘ಎರಡೂ ಬದಿ ಸಮ’ ಎಂದಲ್ಲ, ‘ಮುಂದೆ ಉತ್ತರ ಬರೆ’ ಎಂಬ ಅಪ್ಪಣೆಯೆಂದೇ ಅವರು ತಿಳಿದಿರುತ್ತಾರೆ. ಇದಕ್ಕೆ ತಕ್ಕಡಿಯ ಚಟುವಟಿಕೆ ನನ್ನಲ್ಲಿದೆ. ತೊಡಕಿರುವುದು ಮುಂದಿನ ಹಂತದಲ್ಲಿ. ಬೆಂಕಿಕಡ್ಡಿಗಳಿಂದ ಒಂದಕ್ಕೊಂದು ಅಂಟಿಕೊಂಡ ಚೌಕಗಳ ಸಾಲು ಜೋಡಿಸುತ್ತಾ ಹೋದರೆ 4, 7, 10 ಕಡ್ಡಿಗಳು ಬೇಕಾಗುತ್ತವೆ. ಪ್ರತಿ ಸಲವೂ ಮೂರು ಹೆಚ್ಚುವುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ, ಆದರೆ ನೂರು ಚೌಕಗಳಿಗೆ 301 ಕಡ್ಡಿ ಎಂದು ನೇರವಾಗಿ ಹೇಳಬಲ್ಲ ನಿಯಮದತ್ತ ಅವರನ್ನು, ಉತ್ತರವನ್ನು ತಾವೇ ಹೇಳಿಬಿಡದೆ, ಬರೀ ಪ್ರಶ್ನೆಗಳಿಂದ ಕರೆದೊಯ್ಯುವುದು ಶಿಕ್ಷಕರಿಗೆ (ನಿಜ ಹೇಳಬೇಕೆಂದರೆ ನನಗೂ) ಕಷ್ಟವಾಗುತ್ತಿದೆ.

ತರಗತಿಯಲ್ಲಿ ನೀವು ಕೇಳಿ ನೋಡಿದ ಪ್ರಶ್ನೆಗಳು, ಅವುಗಳಿಗೆ ಮಕ್ಕಳು ಕೊಟ್ಟ ತಪ್ಪು ಉತ್ತರಗಳು, ಚುಕ್ಕಿ ರಂಗೋಲಿಯಂತಹ ಪರಿಚಿತ ವಿನ್ಯಾಸಗಳು ಇದ್ದರೆ ದಯವಿಟ್ಟು ತಿಳಿಸಿ. ನಿಯಮವನ್ನು ಮಾತಿನಲ್ಲಿ ಹೇಳಲು ಬಂದ ಮೇಲಷ್ಟೇ ಸಂಖ್ಯೆಯ ಬದಲಿಗೆ n, x ಮುಂತಾದ ಅಕ್ಷರಗಳನ್ನು ಬಳಸಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರ ಅನುಭವವೂ ಬೇಕು. ಸಿದ್ಧ ವರ್ಕ್‌ಶೀಟ್‌ಗಳು ಸಾಕಷ್ಟಿವೆ, ಅವು ಬೇಡ.