ಸಿವಿಲ್ ಯೂನಿಯನ್‌ಗೆ ಕನ್ನಡದಲ್ಲಿ ಏನನ್ನೋಣ? 'ನಾಗರಿಕ ಒಕ್ಕೂಟ' ಅಂತೂ ಬೇಡ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹಿಂದೆ ಬಿದ್ದು ವಾರವಾಯ್ತು. ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕೇ ಬೇಕೋ, ಸಿವಿಲ್ ಯೂನಿಯನ್ (ಮದುವೆ ಎನ್ನದೆ ಇಬ್ಬರ ಸಂಬಂಧಕ್ಕೆ ಕಾನೂನು ಕೊಡುವ ಮಾನ್ಯತೆ) ಸಾಕೋ ಎಂದು ಬೇರೆ ಬೇರೆ ದೇಶಗಳಲ್ಲಿ ನಡೆದ ವಾದಗಳ ಬಗ್ಗೆ ಒಂದು ಉದ್ದನೆಯ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮ್ಯಾರೇಜ್ ಎಂದು ಬಂದಲ್ಲೆಲ್ಲ ಮದುವೆ ಎಂದು ಬರೆದುಕೊಂಡು ಹೋದೆ, ತೊಂದರೆಯಾಗಲಿಲ್ಲ. ಸಿವಿಲ್ ಯೂನಿಯನ್ ಬಂದಾಗ ಕೈ ನಿಂತಿತು. ಅನುವಾದದ ಯಂತ್ರವನ್ನು ಕೇಳಿದೆ. ಅದು 'ನಾಗರಿಕ ಒಕ್ಕೂಟ' ಅಂದಿತು. ಓದಿದ ತಕ್ಷಣ ಕಣ್ಣ ಮುಂದೆ ಬಂದದ್ದು ಜೊತೆಗೆ ಬಾಳುವ ಇಬ್ಬರಲ್ಲ, ಚಂದಾ ಎತ್ತಿ, ಅಧ್ಯಕ್ಷರನ್ನು ಆರಿಸಿ, ಬೇಡಿಕೆಗಳ ಪಟ್ಟಿ ಕೊಡುವ ಒಂದು ಸಂಘ.

ಸುಮ್ನೆ ಎರಡಕ್ಕೂ 'ವಿವಾಹ' ಎಂದು ಹಾಕಿ ಮುಂದೆ ಹೋಗಬಹುದಲ್ವಾ ಎಂದು ಕೇಳಬೇಡಿ. ಸುದ್ದಿಗಳಲ್ಲಿ ಹಾಗೆ ಮಾಡುವುದನ್ನು ನೋಡಿದ್ದೇನೆ, ಅದರಿಂದಲೇ ಗೊಂದಲ ಜಾಸ್ತಿ. ಇಟಲಿ 2016ರಲ್ಲಿ ಸಲಿಂಗ ಜೋಡಿಗಳಿಗೆ ಕೊಟ್ಟದ್ದು ಸಿವಿಲ್ ಯೂನಿಯನ್, ಮದುವೆಯಲ್ಲ. ಅದನ್ನು 'ಸಲಿಂಗ ವಿವಾಹಕ್ಕೆ ಒಪ್ಪಿಗೆ' ಎಂದು ಬರೆದರೆ ಸುದ್ದಿಯೇ ತಪ್ಪು. ಅವರು ಕೊಡದೆ ಉಳಿಸಿಕೊಂಡ ಪದವನ್ನು ನಾವು ಇಲ್ಲಿ ಕೂತು ಕೊಟ್ಟುಬಿಟ್ಟ ಹಾಗೆ.

ಈ ಜಗಳದಲ್ಲಿ ಪದವೇ ವಸ್ತು ಎನ್ನುವುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸಲಿಂಗ ಜೋಡಿಗಳಿಗೆ ಮದುವೆ ನಿರಾಕರಿಸುವಂತಿಲ್ಲ ಎಂದು ಅಲ್ಲಿನ ಉನ್ನತ ನ್ಯಾಯಾಲಯ 2003ರ ನವೆಂಬರಿನಲ್ಲಿ ಹೇಳಿತು. ಆಗ ಅಲ್ಲಿನ ಸೆನೆಟ್ ಒಂದು ಉಪಾಯ ಮಾಡಿತು. ಮದುವೆಯ ಎಲ್ಲ ಹಕ್ಕುಗಳನ್ನೂ ಕೊಡುತ್ತೇವೆ, ಹೆಸರು ಮಾತ್ರ ಸಿವಿಲ್ ಯೂನಿಯನ್, ಇದು ಆಗುತ್ತದೆಯೇ ಎಂದು ಅದೇ ನ್ಯಾಯಾಲಯವನ್ನು ಕೇಳಿತು. 2004ರ ಫೆಬ್ರವರಿಯಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆಗುವುದಿಲ್ಲ ಎಂದರು. ಎರಡು ಪದಗಳ ನಡುವಿನ ವ್ಯತ್ಯಾಸ ಅಮಾಯಕವಲ್ಲ, ಬೇಕೆಂದೇ ಆರಿಸಿದ ಭಾಷೆ ಅದು, ಒಂದು ಗುಂಪನ್ನು ಎರಡನೇ ದರ್ಜೆಗೆ ಸೇರಿಸುವ ಭಾಷೆ ಎನ್ನುವುದು ಅವರ ವಾದ. ಉಳಿದ ಮೂವರು ಒಪ್ಪಲಿಲ್ಲ. ಅವರಲ್ಲಿ ಒಬ್ಬರು, ಸೋಸ್‌ಮನ್ ಎಂಬ ನ್ಯಾಯಮೂರ್ತಿ, ಹಕ್ಕೆಲ್ಲ ಒಂದೇ ಆದ ಮೇಲೆ ಇದು ಬರೀ ಹೆಸರಿನ ಕಿತ್ತಾಟ ಎಂದರು. ಯೋಚಿಸಿ ನೋಡಿ, ಏಳು ಜನ ನ್ಯಾಯಮೂರ್ತಿಗಳು ಕೂತು ಮಾಡಿದ್ದು ಪದಚರ್ಚೆ! ಸೋತ ಮೂವರ ಮಾತೂ ಹಗುರವಲ್ಲ. ಆದರೆ ಹೆಸರಿನಲ್ಲಿ ಏನೂ ಇಲ್ಲ ಎನ್ನುವವರು ಆ ಹೆಸರನ್ನು ಬಿಟ್ಟುಕೊಡಲು ಯಾಕೆ ಅಷ್ಟು ಹಿಂದೆಮುಂದೆ ನೋಡಬೇಕು ಎನ್ನುವುದು ನನ್ನ ತಕರಾರು.

ಹೆಸರಿನಿಂದ ನಿಜವಾದ ನಷ್ಟವೂ ಆಗಿದೆ. ಮದುವೆ, ಪತಿ, ಪತ್ನಿ ಎನ್ನುವ ಪದಗಳು ಒಂದು ದೇಶದ ನೂರಾರು ಕಾನೂನುಗಳಲ್ಲಿ ಹರಡಿಕೊಂಡಿರುತ್ತವೆ. ತೆರಿಗೆ, ಪಿಂಚಣಿ, ವಲಸೆ, ಆಸ್ತಿ, ಆಸ್ಪತ್ರೆ, ಎಲ್ಲ ಕಡೆ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನುಗಳಲ್ಲಿ ಮದುವೆಗೆ ಅಂಟಿಕೊಂಡ ಅಂಶಗಳು 1,138 ಇವೆ ಎಂದು 2004ರ ಒಂದು ಸರ್ಕಾರಿ ಎಣಿಕೆ ಹೇಳಿತ್ತು. ಹೊಸ ಪದ ಹುಟ್ಟಿಸಿದರೆ ಅದನ್ನು ಪ್ರತಿಯೊಂದು ಕಡೆಗೂ ಕೈಯಾರೆ ಜೋಡಿಸಬೇಕು. ನ್ಯೂಜೆರ್ಸಿಯಲ್ಲಿ ಸಿವಿಲ್ ಯೂನಿಯನ್ ಕಾನೂನು ಬಂದದ್ದು ಮದುವೆಗೆ ಸಮ ಎನ್ನುವ ಮಾತಿನೊಂದಿಗೆ. 2013ರ ಜೂನಿನಲ್ಲಿ ಕೇಂದ್ರ ಸರ್ಕಾರವೂ ಸಲಿಂಗ ಮದುವೆಗಳನ್ನು ಗುರುತಿಸಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಪಕ್ಕದ ರಾಜ್ಯದಲ್ಲಿ ಮದುವೆಯಾದವರಿಗೆ ಕೇಂದ್ರದ ಸೌಲಭ್ಯ ಸಿಗತೊಡಗಿತು, ನ್ಯೂಜೆರ್ಸಿಯಲ್ಲಿ ಯೂನಿಯನ್ ಆದವರಿಗೆ ಸಿಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲೂ ಮದುವೆಗಳು ಶುರುವಾದವು.

ಹಾಗಾಗಿ ನನಗೆ ಎರಡು ಬೇರೆ ಬೇರೆ ಪದ ಬೇಕೇ ಬೇಕು.

ಮೊದಲು ಮದುವೆ. ಈ ಪದದ ಬಗ್ಗೆ ನನಗೆ ಖುಷಿಯೇ ಆಯಿತು. ವಿವಾಹದ ಮೂಲದಲ್ಲಿ 'ವಹ್' ಇದೆ, ಹೊತ್ತೊಯ್ಯುವುದು. ಒಬ್ಬ ಒಯ್ಯುವವನು, ಒಬ್ಬಳು ಹೋಗುವವಳು. ಮದುವೆ ಎನ್ನುವಾಗ ಕಿವಿಗೆ ಗಂಡೂ ಕೇಳಿಸುವುದಿಲ್ಲ, ಹೆಣ್ಣೂ ಕೇಳಿಸುವುದಿಲ್ಲ. ಗಂಡು ಯಾರು ಹೆಣ್ಣು ಯಾರು ಎಂದು ಹೇಳಬೇಕಾದರೆ ಮದುಮಗ, ಮದುಮಗಳು ಎಂದು ಹಿಂದೆ ಇನ್ನೊಂದು ಪದ ಅಂಟಿಸಬೇಕು. ಕ್ರಿಯಾಪದವೂ ಹಾಗೆಯೇ. ಅವನು ಅವಳನ್ನು ಮದುವೆಯಾದ, ಅವಳು ಅವನನ್ನು ಮದುವೆಯಾದಳು, ಎರಡೂ ಒಂದೇ ಅಚ್ಚು. ಅವನು ಅವನನ್ನು ಮದುವೆಯಾದ ಎಂದರೆ ವ್ಯಾಕರಣಕ್ಕೆ ಏನೂ ಆಗುವುದಿಲ್ಲ. 'ಅವನ ಗಂಡ' ಎಂದರೂ ಏನೂ ಆಗುವುದಿಲ್ಲ, ಕಿವಿಗೆ ರೂಢಿಯಾಗಲು ಸ್ವಲ್ಪ ದಿನ ಬೇಕು, ಅಷ್ಟೆ. ಅದಕ್ಕೇ ಈ ಬರಹದಲ್ಲಿ ಸಲಿಂಗ ವಿವಾಹ ಎನ್ನುವುದನ್ನು ಆದಷ್ಟು ಕಡಿಮೆ ಮಾಡಿ ಮದುವೆ ಎಂದೇ ಬಿಟ್ಟಿದ್ದೇನೆ. ('ಸಲಿಂಗಕಾಮಿ ಮದುವೆ' ಎಂದು ಬರೆಯುವವರಿಗೆ ಒಂದು ಮಾತು: ಉಳಿದವರ ಮದುವೆಯನ್ನು ನಾವು ಕಾಮದ ಹೆಸರಿಟ್ಟು ಕರೆಯುವುದಿಲ್ಲ.)

ಇನ್ನು ಸಿವಿಲ್ ಯೂನಿಯನ್. ಈ ಹೆಸರು ಪ್ರಸಿದ್ಧವಾದದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಕಾನೂನಿನಿಂದ, ಅದು 2000ದ ಜುಲೈನಲ್ಲಿ ಜಾರಿಗೆ ಬಂತು. ವಸ್ತು ಮಾತ್ರ ಅದಕ್ಕಿಂತ ಹಳೆಯದು. 1989ರಲ್ಲಿ ಡೆನ್ಮಾರ್ಕ್ ಮೊದಲು ತಂದಾಗ ಅದನ್ನು ನೋಂದಾಯಿತ ಪಾರ್ಟ್ನರ್‌ಶಿಪ್ ಎಂದು ಕರೆದಿತ್ತು. ಕನ್ನಡಕ್ಕೆ ನೇರವಾಗಿ ತಂದರೆ 'ನೋಂದಾಯಿತ ಪಾಲುದಾರಿಕೆ'. ಇಬ್ಬರು ಸೇರಿ ಅಂಗಡಿ ಇಟ್ಟಂತೆ ಕೇಳಿಸುತ್ತದೆ, ಬಿಡಿ.

'ಸಿವಿಲ್ ಮದುವೆ' ಅಥವಾ 'ನಾಗರಿಕ ವಿವಾಹ' ಎಂದು ಒಬ್ಬ ಗೆಳೆಯರು ಹೇಳಿದರು. ಅದು ಬೇರೆಯೇ. ಧರ್ಮದ ವಿಧಿ ಇಲ್ಲದೆ ಅಧಿಕಾರಿಯ ಮುಂದೆ ಆಗುವ ಮದುವೆ ಸಿವಿಲ್ ಮದುವೆ, ಅದು ಪೂರ್ತಿ ಮದುವೆಯೇ. ಮೇಲೆ ಹೇಳಿದ ಮ್ಯಾಸಚೂಸೆಟ್ಸ್ ಅಭಿಪ್ರಾಯದಲ್ಲಿ ಎದುರುಬದುರು ನಿಂತದ್ದು ಸಿವಿಲ್ ಮದುವೆ ಮತ್ತು ಸಿವಿಲ್ ಯೂನಿಯನ್. ಎರಡನ್ನೂ ಒಂದು ಮಾಡಿದರೆ ಕತೆ ಮುಗಿಯಿತು. ಅದೂ ಅಲ್ಲದೆ ನಾಗರಿಕ ಎನ್ನುವ ಪದಕ್ಕೆ ನಮ್ಮಲ್ಲಿ ಸಭ್ಯ ಎನ್ನುವ ಅರ್ಥ ಅಂಟಿಕೊಂಡಿದೆ, ಹಾಗಾದರೆ ಉಳಿದದ್ದೆಲ್ಲ ಅನಾಗರಿಕವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

'ಸಹಜೀವನ' ಚೆನ್ನಾಗಿತ್ತು. ಆದರೆ ಅದನ್ನು ಈಗಾಗಲೇ ಲಿವ್-ಇನ್‌ಗೆ ಕೊಟ್ಟಾಗಿದೆ. ಲಿವ್-ಇನ್‌ನಲ್ಲಿ ಕಾಗದವಿಲ್ಲ, ಇಲ್ಲಿ ಕಾಗದವೇ ಎಲ್ಲ.

'ಕೂಡಿಕೆ' ನನಗೆ ತುಂಬ ಇಷ್ಟವಾದ ಪದ. ಅಚ್ಚಗನ್ನಡ, ಯೂನಿಯನ್ ಎನ್ನುವುದರ ಅರ್ಥವೂ ಸರಿಯಾಗಿ ಕೂತಿದೆ. ಬರೆದೂ ಬಿಟ್ಟಿದ್ದೆ. ಆಮೇಲೆ ನೆನಪಾಯಿತು, ಹಳೆಯ ಬಳಕೆಯಲ್ಲಿ ಕೂಡಿಕೆ, ಉಡಿಕೆ ಎಂದರೆ ಹೆಂಗಸಿನ ಎರಡನೇ ಮದುವೆ. ಮೊದಲನೆಯದು ಮದುವೆ, ಎರಡನೆಯದು ಕೂಡಿಕೆ, ಬಾಳು ಒಂದೇ ಥರದ್ದಾದರೂ ಹೆಸರು ಒಂದು ಮೆಟ್ಟಿಲು ಕೆಳಗೆ. ಅಂದರೆ ಮದುವೆಗೆ ಸಮ ಆದರೆ ಮದುವೆಯಲ್ಲ ಎನ್ನುವ ಹೊಂದಾಣಿಕೆಯನ್ನು ಕನ್ನಡ ಯಾವತ್ತೋ ಮಾಡಿ ನೋಡಿದೆ, ಅದಕ್ಕೊಂದು ಪದವನ್ನೂ ಇಟ್ಟಿದೆ! ಸಿವಿಲ್ ಯೂನಿಯನ್ ಸಾಲದು ಎನ್ನುವವರ ದೂರು ಸರಿಯಾಗಿ ಇದೇ. ಹಾಗಂತ ಈ ಪದ ಬಳಸಿದರೆ ವಾದ ಶುರುವಾಗುವ ಮೊದಲೇ ನಾನು ತೀರ್ಪು ಕೊಟ್ಟ ಹಾಗಾಗುತ್ತದೆ. ಯೂನಿಯನ್ನನ್ನೇ ಬಯಸಿದವರಿಗೆ ಅದು ಅನ್ಯಾಯ.

ಬಯಸಿದವರು ಇದ್ದಾರೆಯೇ ಎಂದರೆ, ಬೇಕಾದಷ್ಟು. ಮದುವೆ ಎನ್ನುವುದು ಗಂಡಸರ ಯಜಮಾನಿಕೆಯ ಹಳೆಯ ಮನೆ, ಅದರೊಳಗೆ ಹೋಗಲು ನಾವು ಯಾಕೆ ಬಾಗಿಲು ಬಡಿಯಬೇಕು ಎನ್ನುವ ಸಲಿಂಗಿಗಳೂ ಇದ್ದಾರೆ. ಫ್ರಾನ್ಸ್ 1999ರಲ್ಲಿ ತಂದ ಪಾಕ್ಸ್ ಎನ್ನುವ ಒಡಂಬಡಿಕೆ ಎಲ್ಲರಿಗೂ ತೆರೆದಿತ್ತು, ಈಗ ಅದನ್ನು ಮಾಡಿಕೊಳ್ಳುವವರಲ್ಲಿ ಗಂಡು-ಹೆಣ್ಣು ಜೋಡಿಗಳೇ ಬಹುಪಾಲು. ಬ್ರಿಟನ್ನಿನ ಕತೆ ಇನ್ನೂ ತಮಾಷೆ. ಅಲ್ಲಿ ಸಿವಿಲ್ ಪಾರ್ಟ್ನರ್‌ಶಿಪ್ 2005ರಿಂದ ಸಲಿಂಗ ಜೋಡಿಗಳಿಗೆ ಮಾತ್ರ ಇತ್ತು. 2014ರಲ್ಲಿ ಅವರಿಗೆ ಮದುವೆಯೂ ಸಿಕ್ಕಿತು. ಆಗ ಒಂದು ಗಂಡು-ಹೆಣ್ಣು ಜೋಡಿ, ಅವರಿಗೆ ಎರಡು ದಾರಿ ನಮಗೆ ಒಂದೇ ಯಾಕೆ, ನಮಗೆ ಮದುವೆ ಬೇಡ ಪಾರ್ಟ್ನರ್‌ಶಿಪ್ ಕೊಡಿ ಎಂದು ಸುಪ್ರೀಂ ಕೋರ್ಟ್ ತನಕ ಹೋಗಿ 2018ರಲ್ಲಿ ಗೆದ್ದಿತು. ಇಬ್ಬರಿಗೂ ಎರಡೂ ಸಿಗುವಾಗ ಯೂನಿಯನ್ ಒಂದು ಆಯ್ಕೆ. ಒಬ್ಬರಿಗೆ ಅದು ಮಾತ್ರ ಸಿಗುವಾಗ ಅದೇ ಬೇಲಿ. ಪದ ಅದೇ, ಅರ್ಥ ಬೇರೆ. ನನ್ನ ಕಷ್ಟ ಗೊತ್ತಾಯಿತಲ್ವಾ?

'ಬಾಳಬಂಧ', 'ಒಲವಿನೊಪ್ಪಂದ' ಎಂದೆಲ್ಲ ಚೆಂದದ ಪದ ಕಟ್ಟಿಕೊಟ್ಟವರೂ ಇದ್ದಾರೆ. ಬೇಡ ಎನ್ನುತ್ತೇನೆ. ಸಿವಿಲ್ ಯೂನಿಯನ್ ಇಂಗ್ಲಿಷಿನಲ್ಲೇ ತಣ್ಣಗಿನ ಪದ, ಕಚೇರಿಯ ಪದ. ಆ ತಣ್ಣಗಿನ ಬಗ್ಗೆಯೇ ಜನ ದೂರಿದ್ದು. ಕನ್ನಡದಲ್ಲಿ ಅದಕ್ಕೆ ಹೂ ಮುಡಿಸಿದರೆ ಓದುವವರಿಗೆ ಇಷ್ಟು ಚೆಂದದ್ದು ಸಿಕ್ಕಿಯೂ ಇವರದ್ದೇನು ಗೋಳು ಎನ್ನಿಸುತ್ತದೆ. ತಣ್ಣಗಿರಬೇಕು, ಆದರೆ ಕೀಳೆನಿಸಬಾರದು.

ಕೊನೆಗೆ ನಾನು ನಿಂತಿರುವುದು 'ಜೋಡಿ ನೋಂದಣಿ' ಎಂಬಲ್ಲಿ. ಮೊದಲ ಸಲ ಬಂದಾಗ ಸಿವಿಲ್ ಯೂನಿಯನ್ ಎಂದೇ ಬರೆದು, ಒಂದು ಸಾಲು ವಿವರಿಸಿ, ಆಮೇಲೆ ಜೋಡಿ ನೋಂದಣಿ. ಆ ಇಬ್ಬರಿಗೆ ಸಂಗಾತಿಗಳು. 'ದಂಪತಿ' ಎಂದರೆ ಮತ್ತೆ ಮದುವೆಯೊಳಗೆ ಕಾಲಿಟ್ಟ ಹಾಗೆ.

ಎರಡು ಕಡೆ ಇದೂ ಕೈಕೊಡುತ್ತದೆ. ದಕ್ಷಿಣ ಆಫ್ರಿಕಾದ 2006ರ ಕಾನೂನಿನ ಹೆಸರು ಸಿವಿಲ್ ಯೂನಿಯನ್ ಕಾಯಿದೆ, ಆದರೆ ಅದರಡಿ ಜೋಡಿ ತಮ್ಮದನ್ನು ಮದುವೆ ಎಂದೂ ಕರೆಯಬಹುದು, ಸಿವಿಲ್ ಪಾರ್ಟ್ನರ್‌ಶಿಪ್ ಎಂದೂ ಕರೆಯಬಹುದು. ಅಲ್ಲಿ ಯೂನಿಯನ್ ದೊಡ್ಡ ಕೊಡೆ, ಮದುವೆ ಅದರ ಕೆಳಗೆ. ತೈವಾನ್ ಇನ್ನೂ ವಿಚಿತ್ರ. 2019ರ ಅಲ್ಲಿನ ಕಾಯಿದೆಯ ಹೆಸರಿನಲ್ಲಿ ಮದುವೆಯೂ ಇಲ್ಲ ಯೂನಿಯನ್ನೂ ಇಲ್ಲ, '748ನೇ ವ್ಯಾಖ್ಯಾನವನ್ನು ಜಾರಿ ಮಾಡುವ ಕಾಯಿದೆ' ಅಷ್ಟೆ. 748 ಎಂದರೆ 2017ರ ಕೋರ್ಟ್ ತೀರ್ಪಿನ ಸಂಖ್ಯೆ. ಜಗಳ ತಪ್ಪಿಸಲು ಹೆಸರಿನ ಜಾಗದಲ್ಲಿ ಒಂದು ನಂಬರು ಇಟ್ಟರು. ಒಳಗೆ ಮಾತ್ರ ಹೋಗಿ ಮದುವೆ ನೋಂದಣಿ ಮಾಡಿಸಿಕೊಳ್ಳಿ ಎಂದೇ ಇದೆ. ಜಾಣರು!

ಭಾರತದ ತೀರ್ಪಿನ ಭಾಗವೂ ಬರಹದಲ್ಲಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ಯೂನಿಯನ್‌ಗೆ ಹಕ್ಕಿದೆ ಎಂದವರು ಇಬ್ಬರು, ಒಪ್ಪದವರು ಮೂವರು. ಇಲ್ಲಿ 'ಜೋಡಿ ನೋಂದಣಿಯ ಹಕ್ಕು' ಎಂದರೆ ತೂಕ ಕಡಿಮೆಯಾಯಿತು ಅನ್ನಿಸುತ್ತದೆ. ಆ ಇಬ್ಬರು ಹೇಳುತ್ತಿದ್ದದ್ದು ಬರೀ ರಿಜಿಸ್ಟರಿನ ವಿಷಯವಲ್ಲ, ಸಂಬಂಧ ಕಟ್ಟಿಕೊಳ್ಳುವ ಸ್ವಾತಂತ್ರ್ಯದ ವಿಷಯ. ಸದ್ಯಕ್ಕೆ 'ಜೋಡಿಯಾಗಿ ಬಾಳುವ ಹಕ್ಕು' ಎಂದು ಬರೆದಿದ್ದೇನೆ. ಒಪ್ಪಿಗೆಯಾ?

ನನ್ನ ನಿಜವಾದ ಪ್ರಶ್ನೆ ಕ್ರಿಯಾಪದದ್ದು. ಫ್ರೆಂಚರು ಪಾಕ್ಸ್ ಎನ್ನುವ ಸಂಕ್ಷೇಪದಿಂದಲೇ 'ಪಾಕ್ಸೆ' ಎಂದು ಕ್ರಿಯಾಪದ ಮಾಡಿಕೊಂಡರು. ಜರ್ಮನರಿಗೆ 2001ರಿಂದ 2017ರ ತನಕ ಸಲಿಂಗ ಜೋಡಿಗಳನ್ನು ಮದುವೆಯಾದವರು ಎನ್ನುವಂತಿರಲಿಲ್ಲ, ಅದಕ್ಕೆ 'ಫೆರ್‌ಪಾರ್ಟ್ನರ್ಟ್' ಎಂದು ಒಂದು ಪದ ಬಂತು. ಸರಿಸುಮಾರು 'ಸಂಗಾತಿಸಿಕೊಂಡವರು' ಎಂದ ಹಾಗೆ. ಕನ್ನಡದಲ್ಲಿ 'ಜೋಡಿ ನೋಂದಾಯಿಸಿಕೊಂಡರು' ಎಂದರೆ ಉದ್ದ, 'ಜೋಡಿಯಾದರು' ಎಂದರೆ ಕಾಗದ ಬಿಟ್ಟುಹೋಗುತ್ತದೆ, 'ಸಂಗಾತಿಗಳಾದರು' ಎಂದರೆ ಕಾನೂನೇ ಇಲ್ಲ. ಚಿಕ್ಕದಾಗಿ ಏನನ್ನೋಣ?

ಹಾಗೆಯೇ ಇನ್ನೊಂದು. ಸ್ವಿಟ್ಜರ್ಲೆಂಡಿನಲ್ಲಿ 2007ರಿಂದ ನೋಂದಾಯಿಸಿಕೊಂಡವರಿಗೆ ಕಾಗದಪತ್ರಗಳಲ್ಲಿ ಬೇರೆಯೇ ಒಂದು ಸ್ಥಿತಿ ಇತ್ತು, ವಿವಾಹಿತರೂ ಅಲ್ಲ, ಅವಿವಾಹಿತರೂ ಅಲ್ಲ. ಹಾಗಾಗಿ ಯಾವುದಾದರೂ ಅರ್ಜಿಯಲ್ಲಿ ಅದನ್ನು ತುಂಬಿದ ತಕ್ಷಣ ಎದುರಿಗಿದ್ದವರಿಗೆ ಇವರು ಸಲಿಂಗಿ ಎಂದು ಗೊತ್ತಾಗುತ್ತಿತ್ತು. 2022ರ ಜುಲೈನಲ್ಲಿ ಅಲ್ಲೂ ಮದುವೆ ಬಂತು. ಬರಹದಲ್ಲಿ ಆ ಅರ್ಜಿಯ ಮೂರನೇ ಚೌಕದ ಪದವನ್ನು ನಾನು ಕನ್ನಡದಲ್ಲಿ ಬರೆಯಬೇಕು. ವಿವಾಹಿತ, ಅವಿವಾಹಿತ, ಆಮೇಲೆ? 'ನೋಂದಾಯಿತ' ಎಂದು ಬರೆದು ಅಳಿಸಿದ್ದೇನೆ, ವಾಹನದ ಹಾಗೆ ಕಾಣಿಸಿತು.